ಕಾಯಿರಿ, ತರ್ತಾ ಇದೆ

ಅತ್ತಿಗೆಯವರೇ, ಮಗಳೇ, ನಮ್ಮ ಆಸ್ಪತ್ರೆಯ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ಕೂತುಕೊಂಡೇ ಮಾತಾಡ್ತೀನಿ, ಕ್ಷಮಿಸಿ. ಈ ವಾರವೆಲ್ಲ ಸರ್ವರ್ ಕೋಣೆಯಲ್ಲಿ ಒಬ್ಬನೇ. ಸಾಕಾಗಿಹೋಗಿದೆ.

ಅಗಲಿದ ನಮ್ಮ ಕಂಪ್ಯೂಟರ್ ವಿಭಾಗದ ಹಿರಿಯರ ಬಗ್ಗೆ ದೊಡ್ಡ ಮಾತು ಆಡಲಾರೆ. ಅವರಿಗೂ ಅದು ಆಗ್ತಿರಲಿಲ್ಲ. ಅವರ ಒಂದು ಅಭ್ಯಾಸ ಹೇಳ್ತೀನಿ. ಸಿಸ್ಟಮ್ ನಿಧಾನವಾಯ್ತು ಅಂದ್ರೆ ನಮ್ಮೆಲ್ಲರ ಕೈ ಸೀದಾ ಪವರ್ ಬಟನ್‌ಗೆ ಹೋಗ್ತಿತ್ತು. ಅವರು — ನೋಡಿ, ಹೀಗೆ — ಎರಡೂ ಕೈ ತೊಡೆಯ ಕೆಳಗೆ ಇಟ್ಕೊಂಡು ಕೂತುಬಿಡ್ತಿದ್ರು. "ಕಾಯಿರಿ, ತರ್ತಾ ಇದೆ."

ಏನನ್ನ ತರ್ತಾ ಇದೆ? ಅವರು ಹೇಳ್ತಿದ್ದ ಹಾಗೇ ಹೇಳ್ತೀನಿ. ಮೆಮೊರಿ ಅಂದ್ರೆ ಮೇಜು. ಡಿಸ್ಕ್ ಅಂದ್ರೆ ಹಿಂದಿನ ಉಗ್ರಾಣ. ಪ್ರತಿ ಪ್ರೋಗ್ರಾಮಿಗೂ ಇಡೀ ಮೇಜು ತನ್ನದೇ ಅನ್ನೋ ಭ್ರಮೆ. ಯಂತ್ರವೇ ಹಾಗೆ ನಂಬಿಸಿರುತ್ತೆ. ಜಾಗ ಸಾಲದೆ ಹೋದ್ರೆ, ಬಹಳ ಹೊತ್ತಿಂದ ಯಾರೂ ಮುಟ್ಟದ್ದನ್ನ ಎತ್ತಿ ಉಗ್ರಾಣದ ಒಂದು ಮೂಲೆಯಲ್ಲಿಡುತ್ತೆ. ಆ ಮೂಲೆಗೆ ಸ್ವಾಪ್ ಅಂತ ಹೆಸರು. ಕಳೆದುಹೋಗಿರಲ್ಲ — ಕೇಳಿದ್ರೆ ತರುತ್ತೆ. ನಿಧಾನ, ಅಷ್ಟೇ.

ಅಲ್ಲಿ ಕೂತಿರೋ ದೊಡ್ಡ ಸಾಹೇಬರು ಬೇಜಾರು ಮಾಡ್ಕೋಬಾರದು. ಒಂದು ಸಲ ಸ್ವಾಪ್ ಅರ್ಧ ತುಂಬಿದ್ದು ನೋಡಿ ಗಾಬರಿಯಾದ್ರು. "ಮೊದಲು ಖಾಲಿ ಮಾಡಿ" ಅಂದ್ರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ನಮ್ಮ ವಿಭಾಗದ ಹುಡುಗರು ಮಾಡಿಯೂಬಿಟ್ರು. ಅದೂ ಹೊರರೋಗಿಗಳ ಸಾಲು ಬಾಗಿಲು ದಾಟಿದ್ದ ಬೆಳಿಗ್ಗೆ. ಉಗ್ರಾಣದ ಆ ಮೂಲೆಯಲ್ಲಿದ್ದದ್ದೆಲ್ಲ ಮೇಜಿಗೆ ಬಂತು, ಮೇಜಿನ ಮೇಲೆ ಕೈಯಿಡೋಕೂ ಜಾಗ ಇಲ್ಲ. ಲ್ಯಾಬಿನ ವರದಿಗಳು ನಿಂತವು. ನಮ್ಮ ಹಿರಿಯರು ಬಂದು, ಯಾರನ್ನೂ ಬೈಯದೆ, ಹೇಳಿದ್ರು: "ಸಾರ್, ಎಷ್ಟು ತುಂಬಿದೆ ಅಂತ ನೋಡಬೇಡಿ. ಓಡಾಟ ಎಷ್ಟಿದೆ ನೋಡಿ. ತರೋದು ಇಡೋದು, ತರೋದು ಇಡೋದು — ಅದರಲ್ಲೇ ಹೊತ್ತೆಲ್ಲ ಹೋದ್ರೆ ಆಗ ಭಯಪಡಿ. ಆಗ ಯಂತ್ರದ ಹತ್ತಿರ ಕೇಳೋದನ್ನ ಕಡಿಮೆ ಮಾಡಿ."

ಆಮೇಲೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ, ನಮ್ಮದೇ ಮೇಲಿನ ಮಹಡಿಗೆ ಅವರೇ ರೋಗಿಯಾಗಿ ಬಂದ್ರು. ಬಂದವರೆಲ್ಲ ಮಂಚ ಸುತ್ತಿಕೊಂಡು — "ನಾನ್ಯಾರು ಹೇಳಿ?" "ಇವರ ಗುರುತು ಸಿಕ್ತಾ?" ಪ್ರಶ್ನೆ ಮೇಲೆ ಪ್ರಶ್ನೆ. ಮಗಳೂ ಕೇಳಿದಳು. ಅವರು ಮುಖ ನೋಡಿ, "ನೀವು ಯಾರಮ್ಮಾ?" ಅಂದ್ರು. ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು, "ಅಂಕಲ್, ಅಪ್ಪ ನನ್ನನ್ನ ಮರೆತೇಬಿಟ್ರು" ಅಂದಳು.

ಎಲ್ಲರೂ ಹೋದಮೇಲೆ ನಾನು ಒಳಗೆ ಹೋಗಿ ಕೂತೆ. ಏನೂ ಕೇಳಲಿಲ್ಲ. ಕೇಳೋ ತ್ರಾಣವೂ ಇರಲಿಲ್ಲ, ನಿಜ ಹೇಳ್ತೀನಿ. ಕೈ — ತೊಡೆಯ ಕೆಳಗೆ. ನರ್ಸ್ ಬಂದು ಬಾಟಲಿ ಬದಲಿಸಿ ಹೋದ್ರು. ಮಂಚದ ಮೇಲಿದ್ದ ಬಿಸಿಲು ಗೋಡೆಗೆ ಹೋಯ್ತು. ಆಗ ಅವರು ಅಂದ್ರು — "ಬುಗುರಿ ಊಟ ಮಾಡಿತಾ?"

ಬುಗುರಿ ಊಟ ಮಾಡೋದೇ? ತಲೆ ಪೂರ್ತಿ ಕದಡಿಹೋಗಿದೆ ಅಂದುಕೊಂಡು ಅತ್ತಿಗೆಗೆ ಬಂದು ಹೇಳಿದೆ. ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಕೊಂಡ್ರು. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲದ ಮಗಳಿಗೆ ಅವರಿಟ್ಟಿದ್ದ ಹೆಸರಂತೆ ಅದು.

ಮಗಳೇ, ಅವತ್ತು ನಾನು ಇದನ್ನ ಹೇಳಿದಾಗ ನೀನು, "ನನ್ನ ಸಮಾಧಾನಕ್ಕೆ ಹೇಳ್ತೀರಿ" ಅಂದೆ. ನನಗೆ ಕಥೆ ಕಟ್ಟೋಕೆ ಬರಲ್ಲ ಕಣಮ್ಮ. ಆ ಹೆಸರು ಅಲ್ಲಿಯವರೆಗೆ ನನ್ನ ಕಿವಿಗೇ ಬಿದ್ದಿರಲಿಲ್ಲ. ಅಮ್ಮ ಪಕ್ಕದಲ್ಲೇ ಇದ್ದಾರೆ, ಕೇಳು.

ಈಗ ಎಲ್ಲರೂ ಎದ್ದು ನಿಲ್ಲೋಣ. ನಾನೂ ಏಳ್ತೀನಿ. ಮೌನವಾಗಿರೋಣ. ಯಾರೂ ನಮ್ಮ ಹಿರಿಯರನ್ನ ಏನೂ ಕೇಳಬೇಡಿ — ಅವರಿಗೆ ಸ್ವಲ್ಪ ಹೊತ್ತು ಕೊಡೋಣ.