ಷಣ್ಮುಖಪ್ಪನ ದಪ್ಪ ರಕ್ತ

…ನಗಬೇಡಿ ವೇದಾವತಿ ಸಿಸ್ಟ್ರೇ, ನನ್ನಾಣೆಗೂ ಆ ಸೊಳ್ಳೆ ನಡ್ಕೊಂಡೇ ಹೋಯ್ತು! ನನ್ನ ರಕ್ತ ಕುಡಿದ ಮೇಲೆ ಅದಕ್ಕೆ ಹಾರೋ ತಾಕತ್ತು ಎಲ್ಲಿಂದ ಬರಬೇಕು? ಹೊಟ್ಟೆ ಭಾರ. ಮಂಚದ ಕಾಲು ಹಿಡ್ಕೊಂಡು, ತುಂಬು ಬಸುರಿ ಥರ ಒಂದೊಂದೇ ಹೆಜ್ಜೆ ಇಟ್ಕೊಂಡು ಹೋಯ್ತು… ಷಣ್ಮುಖಪ್ಪನ ರಕ್ತ ಅಂದ್ರೆ ಏನಂದ್ಕೊಂಡ್ರಿ? ಭದ್ರಾವತಿ ಕಾರ್ಖಾನೆಯಲ್ಲಿ ಕುದಿಯೋ ಕಬ್ಬಿಣದ ಮುಂದೆ ನಿಂತು ವಯಸ್ಸು ಕಳೆದವನು ನಾನು. ಕಾರ್ಖಾನೆಯಿಂದ ಹೊರಗೆ ಹೋದ ಕಬ್ಬಿಣಕ್ಕಿಂತ ನನ್ನ ಮೈಯೊಳಗೆ ಇಳಿದಿದ್ದೇ ಜಾಸ್ತಿ! ಅಂಥ ರಕ್ತನ ತೆಳು ಮಾಡೋಕೆ ನಿಮ್ಮ ಡಾಕ್ಟ್ರು ಕೊಟ್ಟಿದ್ದೇನು? ತೊಗರಿಬೇಳೆಯಷ್ಟು ಒಂದು ಮಾತ್ರೆ! ತುಂಗೆಗೆ ಒಂದು ಹರಳು ಉಪ್ಪು ಹಾಕಿ ಸಮುದ್ರ ಆಯ್ತಾ ಅಂತ ನೋಡಿದ ಹಾಗಾಯ್ತು, ಬಿಡಿ.

ಏನು? ಈ ಸಲಾನೂ ರಿಪೋರ್ಟು ಸರಿ ಬಂದಿಲ್ವಾ? ಅಷ್ಟು ತೆಳು ಆಗಿಲ್ವಾ?… ಗೊತ್ತು ಗೊತ್ತು, ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಎದ್ದು ಮೇಲಕ್ಕೆ ಹೊರಟ್ರೆ ಶಿವನೇ ಗತಿ. ಹೋದ ಸಲವೇ ಹೇಳಿದ್ರಲ್ಲ. ನಾನು ಹೆದರಿ ಬಸ್ಸಲ್ಲಿ ಕಾಲು ಅಲ್ಲಾಡಿಸ್ದೆ ಕೂತು ಹೋದೆ. ಕಂಡಕ್ಟರ್ ನನ್ನನ್ನ ಲಗೇಜು ಅಂದ್ಕೊಂಡ!

ಮಾತ್ರೆ ತಪ್ಪಿಸ್ತೀನಾ ಅಂತಾನಾ? ನಾನಾ? ಅಯ್ಯೋ ಮಾರಾಯ್ರೆ! ನಿಮ್ಮ ಮಾತು ನನಗೆ ವೇದವಾಕ್ಯ. ವೇದಾವತಿ ವಾಕ್ಯ! ಮೊದಲನೇ ಸಲ ‘ಪೀಟಿ ಮಾಡಿಸಬೇಕು ಬನ್ನಿ’ ಅಂದ್ರಲ್ಲ, ರಕ್ತ ಪರೀಕ್ಷೆ ಅಂತ ನನಗೇನು ಗೊತ್ತು? ಶಾಲೇಲಿ ಮಾಡಿಸ್ತಿದ್ದ ಪೀಟಿ ಅಂದ್ಕೊಂಡು ಕ್ಯಾನ್ವಾಸ್ ಬೂಟು ಕಟ್ಕೊಂಡು ಬಂದವನು ನಾನು. ಈ ಸವಳಂಗ ರಸ್ತೇಲಿ ಎಲ್ಲರೂ ತಿರುಗಿ ನೋಡಿದ್ರು. ಬ್ಲೇಡು ಮುಟ್ಟಬೇಡಿ, ಕೊಯ್ಕೊಂಡ್ರೆ ರಕ್ತ ನಿಲ್ಲಲ್ಲ ಅಂದ್ರಿ. ಬಿಟ್ಟೆ. ನೋಡಿ ಈ ಗಡ್ಡ! ನಮ್ಮ ಭದ್ರಾವತಿ ಓಲ್ಡ್ ಟೌನಲ್ಲಿ ಮೊನ್ನೆ ಯಾರೋ ದಾವಣಗೆರೆ ಕಡೆಯವರು ಯಾವುದೋ ಮಠದ ಸ್ವಾಮಿಗಳು ಅಂದ್ಕೊಂಡು ಕಾಲಿಗೆ ಬಿದ್ರು. ಆಶೀರ್ವಾದ ಮಾಡಿ ಕಳಿಸ್ದೆ, ಸುಮ್ನೆ ಯಾಕೆ ಅವರ ಭಕ್ತಿ ಹಾಳು ಮಾಡೋದು? ಮೆತ್ತನೆ ಬ್ರಶ್ಶು ಅಂದ್ರಿ. ಬೆಕ್ಕಿನ ಬಾಲಕ್ಕಿಂತ ಮೆತ್ತಗಿದೆ, ಉಜ್ಜಿದ್ರೆ ಹಲ್ಲಿಗೆ ನಿದ್ದೆ ಬರುತ್ತೆ. ಸೊಪ್ಪು ಒಂದಿನ ರಾಶಿ ತಿಂದು ಒಂದಿನ ಬಿಡಬೇಡಿ, ದಿನಾ ಒಂದೇ ಹದದಲ್ಲಿರಲಿ ಅಂದ್ರಿ. ನಮ್ಮ ಮಹಾಂತಮ್ಮ ನುಗ್ಗೆಸೊಪ್ಪು ಹಾಕೋದನ್ನ ನೋಡಬೇಕು ನೀವು. ಅಕ್ಕಸಾಲಿಗ ಬಂಗಾರ ಕೂಡ ಹಂಗೆ ತೂಗಲ್ಲ.

ಹಾಂ? ಪೂರ್ತಿ ನುಂಗ್ತೀನಾ ಅಂದ್ರೆ?… ನೀರಿನ ಜೊತೆ ನುಂಗ್ತೀನಿ ಮತ್ತೆ! ಅಗಿಯೋಕೆ ಅದೇನು ಚಕ್ಕುಲಿನಾ? ಒಳ್ಳೆ ಪೊಲೀಸಿನವರ ಥರ ಕೇಳ್ತೀರಪ್ಪ.

ಅದಿರ್ಲಿ, ನಾನು ಬಂದಿದ್ದು ಬೇರೆ ವಿಷಯಕ್ಕೆ. ಸ್ವಲ್ಪ ಹತ್ರ ಬನ್ನಿ… ಹೊರಗೆ ಬೆಂಚಿನ ಮೇಲೆ ಸೆರಗಲ್ಲಿ ಕೈ ಮುಚ್ಕೊಂಡು ಕೂತಿದ್ದಾಳಲ್ಲ, ಅವಳೇ ನಮ್ಮ ಮಹಾಂತಮ್ಮ. ಒಳಗೆ ಬಾ ಅಂದ್ರೆ ಬರಲ್ಲ. ಆಸ್ಪತ್ರೆ ಅಂದ್ರೆ ಹೆದರಿಕೆ. ಸೂಜಿ ನೋಡಿದ್ರೆ ಬೆವರ್ತಾಳೆ. ಹೊಲಿಯೋ ಸೂಜಿ ನೋಡಿದ್ರೂ! ನಮ್ಮ ಮನೇಲಿ ಗುಂಡಿ ಹಾಕೋನು ನಾನೇ.

ಅವಳ ಕೈದೇ ಸಮಾಚಾರ. ಅವಳ ತಮ್ಮ ರುದ್ರೇಶ, ಅವನ ಮಗಳು ಸ್ಫೂರ್ತಿಗೆ ಸೀಮಂತ ಆಯ್ತು. ಬಂದ ಹೆಂಗಸರಿಗೆಲ್ಲ ಬಳೆ ತೊಡಿಸೋಕೆ ಬಳೆಗಾರ್ತಿ ಹಾಲಮ್ಮ ಬಂದಿದ್ಲು. ಹಾಲಮ್ಮ ಅಂದ್ರೆ ಏನು? ಆನೆ ಕಾಲಿಗೂ ಮಗುವಿನ ಬಳೆ ಏರಿಸೋಳು! ಇವಳ ಕೈ ಹಿಡ್ಕೊಂಡು ಹಿಂಗೆ ಹಿಂಡಿ, ಹಂಗೆ ಒತ್ತಿ, ‘ಕೈ ಸಡಿಲ ಬಿಡಿ ಅಕ್ಕಾ’ ಅನ್ನುತ್ತಲೇ ಏರಿಸಿದ್ಲು. ಒಂದೂ ಒಡೀಲಿಲ್ಲ. ಆದ್ರೆ ಊಟಕ್ಕೆ ಎಲೆ ಹಾಕೋ ಹೊತ್ತಿಗೆ ಕೈ ಪೂರಾ ನೇರಳೆಹಣ್ಣು! ಮಣಿಕಟ್ಟಿಂದ ಬೆರಳಿನವರೆಗೆ ಕಡುನೀಲಿ!

ಎಲ್ಲರೂ ಕೈ ನೋಡಿದ್ರು. ಆಮೇಲೆ ನನ್ನ ಮುಖ ನೋಡಿದ್ರು. ನಾನು ಹೊಡೆದೆ ಅಂತ! ನಾನು! ನನ್ನ ಮನೇಲಿ ಏಟು ಬಿದ್ದಿದ್ರೆ ಅದು ನನಗೇ ಬಿದ್ದಿರಬೇಕು, ಅದು ಇಡೀ ಬೀದಿಗೆ ಗೊತ್ತು. ಆ ರುದ್ರೇಶ ಪಂಚೆ ಎತ್ತಿ ಕಟ್ಟಿದ. ‘ಭಾವ, ಹೊರಗೆ ಬಾ’ ಅಂದ. ನಾನು ಬರ್ತೀನಾ? ಪಾಯಸ ಇನ್ನೂ ಬಡಿಸಿರಲಿಲ್ಲ… ನಗಿ ನಗಿ, ನಿಮಗೇನು! ಹಾಲಮ್ಮನ್ನ ಕರೆದು ಸಾಕ್ಷಿ ಹೇಳು ಅಂದ್ರೆ, ‘ನನ್ನ ಕೈಯಲ್ಲಿ ಬಳೆ ತೊಟ್ಟವರ ಚರ್ಮ ಸಣ್ಣಗೆ ಕೆಂಪಾಗಿದ್ದೂ ಇಲ್ಲ’ ಅಂತ ಕುಂಕುಮ ಮುಟ್ಟಿ ಹೇಳಿಬಿಟ್ಲು! ಮುಗೀತಲ್ಲ ನನ್ನ ಕಥೆ.

ಅದಕ್ಕೇ ಸಿಸ್ಟ್ರೇ, ಒಂದು ಒಳ್ಳೆ ಮುಲಾಮು ಕೊಡಿ. ಮತ್ತೆ ಎದುರಿನ ಎಸ್‌ಟಿಡಿ ಬೂತಿಂದ ರುದ್ರೇಶನಿಗೆ ಒಂದೇ ಮಾತು ಹೇಳಿಬಿಡಿ, ಇದು ಏಟಲ್ಲ, ಬಳೆ ತೊಡಿಸಿದಾಗ ಆಗಿದ್ದು ಅಂತ. ನನ್ನ ಮಾತು ಅವನು ನಂಬಲ್ಲ. ನರ್ಸಮ್ಮ ಹೇಳಿದ್ರೆ ನಂಬ್ತಾನೆ.

ಯಾಕೆ ನಗು ನಿಂತು ಹೋಯ್ತು?

ಬೇರೆ ಕಡೆ? ಹೂಂ… ಇದೆ. ಮೊಣಕೈಲಿ ಇದೆ. ತೊಡೇಲೂ ಒಂದು, ರೊಟ್ಟಿಯಷ್ಟು. ಅಲ್ಲಿಗೆಲ್ಲ ಯಾರು ಬಳೆ ತೊಡಿಸ್ತಾರೆ ಅಂತ ಹಂಗೆ ನೋಡಬೇಡಿ. ರುಬ್ಬುಕಲ್ಲಿಗೆ ತಾಗಿರುತ್ತೆ. ಕೈ ನೋವು ತಡೀಲಾರದೆ ಮೆಡಿಕಲ್ ಶಾಪಲ್ಲಿ ನೋವಿನ ಮಾತ್ರೆ ತಂದು ನುಂಗಿದ್ಲು. ನೋವು ಕಮ್ಮಿ ಆಗ್ಲಿಲ್ಲ, ನೀಲಿ ಇನ್ನೂ ಹರಡ್ತು. ಇವತ್ತು ಹಲ್ಲುಜ್ಜಿ ಉಗುಳಿದ್ದು ನೋಡಿ ನಾನು ತಮಾಷೆ ಮಾಡ್ದೆ, ‘ಏನೇ, ನನಗೆ ಕೊಡದೆ ಒಬ್ಬಳೇ ಎಲೆ ಅಡಿಕೆ ಹಾಕ್ಕೊಂಡ್ಯಾ?’ ಅಂತ. ಅಷ್ಟು ಕೆಂಪು.

…ಅವಳು ಎಲೆ ಅಡಿಕೆ ಹಾಕಲ್ಲ, ಸಿಸ್ಟ್ರೇ.

ಏನಾದ್ರೂ ಹೇಳಿ. ನನ್ನ ರಿಪೋರ್ಟು ನೋಡ್ತೀರಿ, ಅವಳನ್ನ ನೋಡ್ತೀರಿ… ಮತ್ತೆ ನನ್ನ ರಿಪೋರ್ಟು. ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ನನ್ನ ರಕ್ತ, ಇದು ಅವಳ ಕೈ. ಇನ್ನೊಂದು ಸೊಳ್ಳೆ ಕಥೆ ಇದೆ, ಹೇಳ್ಲಾ? ಒಂದು ಸೊಳ್ಳೆ ಏನು ಮಾಡ್ತು ಅಂದ್ರೆ… ಏನು ಮಾಡ್ತು ಅಂದ್ರೆ…

ಬೈಯಿರಿ ತಾಯಿ. ಬೈದ್ರೆ ಸಣ್ಣ ತಪ್ಪು ಅಂತ ಗೊತ್ತಾಗುತ್ತೆ. ಹಿಂಗೆ ಸುಮ್ಮನಿದ್ರೆ ಎಷ್ಟು ದೊಡ್ಡದು ಅಂತ ಹೆಂಗೆ ತಿಳ್ಕೊಳ್ಲಿ?

ಅವಳಿಗೂ ಕಾಲು ನೋಯ್ತಿತ್ತು. ನನಗೆ ಬಂದಿತ್ತಲ್ಲ, ಥೇಟ್ ಹಂಗೇ, ಮೀನಖಂಡದಲ್ಲಿ. ಆಸ್ಪತ್ರೆಗೆ ನಡಿ ಅಂದ್ರೆ ಸೂಜಿ ಚುಚ್ಚುತ್ತಾರೆ, ಸತ್ರೂ ಬರಲ್ಲ ಅಂದ್ಲು. ನಾನು… ನಮ್ಮ ಬೀದೀಲಿ ನನ್ನನ್ನ ಈಗ ರಕ್ತದ ಡಾಕ್ಟ್ರು ಅಂತಾರೆ, ನಾನೇ ಹಂಗೆ ಹೇಳ್ಕೊಂಡು ತಿರುಗಿದ್ದು… ಪರೀಕ್ಷೆ ಮಾಡ್ದೆ. ಹಿಂಗೆ ಹಿಸುಕಿ ನೋಡಿ, ‘ನನ್ನದೇ ಕಾಯಿಲೆ’ ಅಂದೆ. ಅರ್ಧಾಂಗಿ ಅಲ್ವಾ, ಅರ್ಧ ಮಾತ್ರೆ ಅವಳದ್ದು ಅಂದೆ. ಎಷ್ಟು ನಕ್ಕಿದ್ಲು ಆವತ್ತು! ಮುರಿದು ಅರ್ಧ ನನಗೆ, ಅರ್ಧ ಅವಳಿಗೆ. ಪ್ರಸಾದ ಹಂಚಿದ ಹಾಗೆ, ದಿನಾ. ರಿಪೋರ್ಟು ಸರಿ ಇಲ್ಲ ಅಂತ ಡಾಕ್ಟ್ರು ನನಗೆ ಡೋಸು ಏರಿಸಿದ್ರು. ಅವಳ ಪಾಲೂ ಏರ್ತು. ಅವಳ ರಕ್ತ ನೋಡಿದವರು ಯಾರು? ಯಾರೂ ಇಲ್ಲ. ನಾನು ಒಬ್ಬನೇ, ಉಗುಳಿದಾಗ.

ಸಿಸ್ಟ್ರೇ, ಎಲ್ಲಿಗೆ ಎದ್ರಿ? ಡಾಕ್ಟ್ರನ್ನ ಕರೀತೀರಾ? ಕರೀರಿ, ಓಡಿ. ಅಯ್ಯೋ, ಅವಳ ಹತ್ರಾನೇ ಹೋದ್ರಿ… ನಿಧಾನ, ಆ ಕೈ ಹಿಡೀಬೇಡಿ, ಹೂಂ, ಹಂಗೆ, ಭುಜ ಹಿಡ್ಕೊಳ್ಳಿ… ಬಾರೇ ಒಳಗೆ. ಮಲಕ್ಕೋ ಅಂತಾರೆ, ಮಲಕ್ಕೋ. ಸೂಜಿ ನೋಡಬೇಡ, ನನ್ನ ಗಡ್ಡ ನೋಡು. ಹಂಗೆ ದುರುಗುಟ್ಟಬೇಡ ಮಾರಾಯ್ತಿ! ನಾನಾಗಿ ಹೇಳ್ಲಿಲ್ಲ ಕಣೇ. ಮಾತ್ರೆ ವಿಷಯ ಯಾರಿಗೂ ಹೇಳಲ್ಲ ಅಂತ ನಿನಗೆ ಮಾತು ಕೊಟ್ಟಿದ್ದೆ, ಬಾಯಿ ಬಿಡಬಾರದು ಅಂತಲೇ ಊರ ಸುಳ್ಳೆಲ್ಲ ಹೇಳ್ದೆ. ಕೊನೆಗೆ ಇವರು ಏನೂ ಕೇಳ್ಲಿಲ್ಲ ಕಣೇ… ಸುಮ್ಮನೆ ಕೂತಿದ್ರು, ಅಷ್ಟೇ.