ಜ್ಯೇಷ್ಠಾ ನಕ್ಷತ್ರ ನೋಡಿದ ಅಣ್ಣ

ಬೇರೆಯವರ ಮನೆಯ ಮಾತಿಗೆ ಕಿವಿಗೊಟ್ಟು ಅದನ್ನು ಬರೆಯುವುದು ತಪ್ಪೇ ಸರಿ, ಓದುಗರು ಕ್ಷಮಿಸಬೇಕು. ಆದರೆ ಕದ್ರಿಯಲ್ಲಿ ಮುಸ್ಸಂಜೆ ಇದ್ದಲಿನ ಗ್ಯಾಸಿನಿಂದ ಓಡುವ ಬಸ್ಸಿಗೆ ಕಾಯುತ್ತಿದ್ದ ಮೋಹನದಾಸನಿಗೆ ಕಿವಿ ಮುಚ್ಚಿಕೊಳ್ಳಲು ಆಗಲಿಲ್ಲ. ಪಕ್ಕದಲ್ಲೇ ಅಣ್ಣ ತಮ್ಮ ಇಬ್ಬರು ನಿಂತಿದ್ದರು. ತಮ್ಮನ ಕೈಯಲ್ಲಿ ಹಡಗಿನವರಿಂದ ಬೇಡಿ ತಂದ ದುರ್ಬೀನು.

"ನೀನು ಒಪ್ಪಿದ ಉಮಾವತಿ ಒಳ್ಳೆಯ ಹುಡುಗಿಯೇ. ಆದರೆ ಜ್ಯೇಷ್ಠಾ ನಕ್ಷತ್ರದವಳು ಬಂದರೆ ಗಂಡನ ಅಣ್ಣನಿಗೆ ಆಗುವುದಿಲ್ಲ ಅಂತ ಜೋಯಿಸರು ಹೇಳಿದ್ದಾರಲ್ಲ. ಸಾಯುವುದು ನೀನಲ್ಲ ಮಾರಾಯ, ನಾನು!"

"ಅಣ್ಣ, ಅದೋ ಕಡಲಿನ ಕಡೆ ಕೆಂಪಗೆ ಉಂಟಲ್ಲ, ಅದೇ ಆ ನಕ್ಷತ್ರ. ಒಮ್ಮೆ ಸರಿಯಾಗಿ ನೋಡಿ."

"ಅಯ್ಯೋ, ಬರಿಗಣ್ಣಿಗೇ ಸಿಟ್ಟು ಬಂದ ಹಾಗೆ ಕಾಣ್ತದೆ!"

ತಮ್ಮ ದುರ್ಬೀನನ್ನು ಅಣ್ಣನ ಕಣ್ಣಿಗೆ ಹಿಡಿದ. ಅಗಲದ ಗಾಜು ಕಣ್ಣಿನ ಕಡೆಗಿತ್ತು. ಹಿಂದುಮುಂದಾಗಿದೆ ಎಂದು ಮೋಹನದಾಸ ಹೇಳುವ ಮೊದಲೇ ಅಣ್ಣ ಕೂಗಿದ.

"ಎಂತ ಮಾರಾಯ, ಸಾಸಿವೆಗಿಂತ ಸಣ್ಣದು! ಎಷ್ಟು ದೂರ ಉಂಟು!"

"ಅಲ್ಲಿಂದ ನಿಮ್ಮ ಕುತ್ತಿಗೆಗೆ ಕೈ ಹಾಕ್ತದಾ?"

"ಅದು ಬಂದು ಮುಟ್ಟುವಾಗ ನಾನು ಹೇಗೂ ಮುದುಕ. ನಾಳೆಯೇ ಕುಲಶೇಖರಕ್ಕೆ ಹೋಗಿ ಉಮಾವತಿಯ ಮನೆಯಲ್ಲಿ ಮಾತಾಡ್ತೇನೆ."

ಅವರಿಬ್ಬರೂ ನಗುತ್ತ ನಡೆದುಹೋದರು. ತಮ್ಮನಿಗೆ ದುರ್ಬೀನು ಹಿಡಿಯಲು ಬರುತ್ತಿರಲಿಲ್ಲವೋ, ಚೆನ್ನಾಗಿಯೇ ಬರುತ್ತಿತ್ತೋ, ಮೋಹನದಾಸನಿಗೆ ಗೊತ್ತಾಗಲಿಲ್ಲ.