ಬಸ್ಸಿಗೆ ಓಡುವ ಹುಡುಗಿ

ಮದ್ದೂರಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದ ವನಜಾಕ್ಷಮ್ಮನವರ ಕಿವಿಗೆ ಪಕ್ಕದವರ ಮಾತು ಬಿತ್ತು. ಒಬ್ಬರು ಹಳ್ಳಿಯ ಮುದ್ದಮ್ಮ. ಇನ್ನೊಬ್ಬಳು, ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಮಕ್ಕಳ ಮನೆಮನೆಗೆ ಹೋಗಿ ಮಾತಾಡಿಸಿ ಸಮಾಧಾನ ಹೇಳುವ ಜಬೀನ್. ಮುದ್ದಮ್ಮನ ಮೊಮ್ಮಗಳು ಪ್ರಿಯಾಂಕ ಆಚೆ ಕುಂಟಾಬಿಲ್ಲೆ ಆಡುತ್ತಿದ್ದಳು.

"ಅವಳವ್ವ ಸತ್ತಾಗ, ಮಗು ಅಳ್ತದೆ ಅಂತ, ಊರಿಗೋಗವ್ಳೆ ಅಂದ್ಬುಟ್ಟಿದ್ದೆ ಕಣವ್ವ."

"ಅದಕ್ಕೇ ಅಜ್ಜಿ, ಬಂದ ಬಸ್ಸಿಗೆಲ್ಲ ಓಡಿ ಅಮ್ಮನ್ನ ಹುಡುಕ್ತಿದ್ಲು."

"ನಿಜ ಹೇಳಾಣ ಅಂದಿದ್ಕೆ ನಿನ್ನ ಎಂಗ್ ಬೈದ್ಬುಟ್ಟೆ!"

"ಬೈದ್ರೂ ಮಜ್ಜಿಗೆ ಕೊಟ್ರಲ್ಲ, ಬಿಡಿ."

"ಆಮೇಲೆ ಮಗೀಗೆ ನಿಜ ಹೇಳಿ, ಮೂರೂ ಜನ ಅವಳವ್ವನ ಸಮಾದಿಗೆ ಹೂ ಇಟ್ಟು ಬಂದೋ. ನಮ್ಜೊತೆ ನೀನೂ ಕಣ್ಣೀರಾಕ್ದೆ. ಅದ ಮರೆಯಕ್ಕಿಲ್ಲ ಕಣವ್ವ."

ಬಸ್ಸು ಬಂತು. ಪ್ರಿಯಾಂಕ ಓಡಿದಳು. ಮುದ್ದಮ್ಮ ದಡಕ್ಕನೆ ಎದ್ದು ನಿಂತರು. ಹುಡುಗಿ ಇಳಿಯುವವರ ಮುಖ ನೋಡಲೇ ಇಲ್ಲ. ಕಿಟಕಿಯೊಳಗೆ ಟವಲು ಎಸೆದು ಕೂಗಿದಳು:

"ಅಜ್ಜೀ, ಬಿರ್ನೆ ಬಾ! ಜಬೀನಕ್ಕಂಗೂ ಸೀಟು ಹಿಡ್ದಿವ್ನಿ!"